ಯಾರನ್ನೂ ನಂಬದ ನಮ್ಮ ಆಹಾರಶಾಸ್ತ್ರದ ಮೇಡಂ

ಮೊದಲ ತಪ್ಪ ಒಪ್ಪಿಕೊಂಡ ಬಿಡ್ತೇನಿ. ಎಮ್ಮೆಸ್ಸಿಗಂತ ನಾ ಮಾಡಿದ ಸಂಶೋಧನಾನ ನಾನ ತಿಂದೆ. ಮಾತಿಗೆ ಹೇಳಾಕತ್ತಿಲ್ಲ, ಖರೇನ ತಿಂದೆ: ಬಿಸಿ ರೊಟ್ಟಿ, ಝುಣಕಾ, ಶೇಂಗಾ ಹಿಂಡಿ, ಮ್ಯಾಲ ಒಂದ ತಂಬಗಿ ಮಜ್ಜಿಗಿ. ರಬಕವಿ-ಬನಹಟ್ಟಿ ನೇಕಾರ ಓಣಿದಾಗ ಮನಿ ಮನಿಗೆ ಹೋಗಿ, ಮಂದಿ ಏನ ಉಣ್ತಾರ, ಎಷ್ಟ ಉಣ್ತಾರ ಅಂತ ತೂಗಿ ಬರಕೊಂಡ ಬಾ ಅಂತ ಕಳಿಸಿದ್ರು. ತೂಗಿದ್ದರಾಗ ಅರ್ಧಾ ನನ್ನ ಹೊಟ್ಟಿಗೆ ಹೋತು, ಬರದದ್ದು ಪೂರಾ ಅವರ ಹೆಸರಿಗೆ ಹೋತು. ಬ್ಯಾಂಕ್ ಕಾಯಾಕ ನಿಂತಾವ ಬ್ಯಾಂಕ್ ಲೂಟಿ ಮಾಡಿದ್ದ ಕೇಳೀರಿ. ರೊಟ್ಟಿ ಎಣಸಾಕ ಹೋದಾವ ರೊಟ್ಟಿ ಲೂಟಿ ಮಾಡಿದ್ದು ಜಗತ್ತಿನ್ಯಾಗ ನಾ ಒಬ್ಬನ ಇರಬೇಕು. ಅದನ್ನ ಹಿಡದವರು ನಮ್ಮ ಮೇಡಂ.

ಮೇಡಂ ಅಂದ್ರ ನನಗ ಮೊದಲ ಕಣ್ಣಿಗೆ ಬರೂದು ಅವರ ಬಲಗೈ ಹೆಬ್ಬಟ್ಟು. ಉಗರ ಬುಡಕ್ಕ ಕತ್ತರಿಸಿದ್ದು, ಚರ್ಮ ಒಣಮೆಣಸಿನಕಾಯಿಗತೆ ಸುಕ್ಕ, ಬ್ಯಾಸಿಗಿದಾಗೂ ತಣ್ಣಗ. ಎದುರಿಗೆ ಯಾರರ ಬಂದ ನಿಂತ್ರ, ನಮಸ್ಕಾರಕ್ಕಿಂತ ಮೊದಲ ಆ ಹೆಬ್ಬಟ್ಟ ಹೋಗಿ ಅವರ ಕಣ್ಣಿನ ಕೆಳಗಿನ ರೆಪ್ಪಿ ಜಗ್ಗತಿತ್ತು. ಒಳಗ ಕೆಂಪ ಇದ್ರ "ಹೂಂ." ಬೆಳ್ಳಗ ಇದ್ರ ಮೈಯಾಗ ರಕ್ತ ಕಮ್ಮಿ ಅಂತ ಲೆಕ್ಕ, "ಏನ ಉಣ್ತಿ? ಖರೆ ಹೇಳು." ವಿದ್ಯಾರ್ಥಿ ಆತು, ಸಿಪಾಯಿ ಆತು, ಕಂಡಕ್ಟರ್ ಆತು, ಯಾರನೂ ಬಿಡ್ತಿರಲಿಲ್ಲ. ಒಮ್ಮೆ ಕಾಲೇಜ್ ತಪಾಸಣಿಗೆ ಬಂದ ದೊಡ್ಡ ಸಾಹೇಬ್ರ ರೆಪ್ಪಿನೂ ಜಗ್ಗಿದ್ರು. ನಮ್ಮ ಕಾಲೇಜಿನ್ಯಾಗ ಏನ ಕಮ್ಮಿ ಐತಿ ಅಂತ ಹುಡಕಾಕ ಬಂದ ಮನಷ್ಯಾ, ತನ್ನ ಮೈಯಾಗ ಏನ ಕಮ್ಮಿ ಐತಿ ಅಂತ ಕೇಳಿಕೊಂಡ ಹೋದ.

ಹೆಬ್ಬಟ್ಟ ಬಿಟ್ರ ಅವರ ಕಡೆ ಇನ್ನೊಂದ ಆಯುಧ ಇತ್ತು. ಎರಡ ಶಬ್ದ: "ಖರೆ ಏನ?" ನೀವ ಏನ ಹೇಳ್ರಿ, ತಲಿ ಒಂಚೂರ ವಾರೆ ಮಾಡಿ, ಚಾಳೀಸಿನ ಮ್ಯಾಲಿಂದ ನೋಡಿ, "ಖರೆ ಏನ?" ನಿನ್ನ ಹೆಸರೇನು ಅಂತ ಕೇಳಿ, ಹೇಳಿದ ಮ್ಯಾಲ "ಖರೆ ಏನ?" ಅಂದ್ರ ನಮ್ಮ ಹೆಸರಿನ ಬಗ್ಗೆ ನಮಗ ಸಂಶಯ ಬರ್ತಿತ್ತು.

ನಾ ಮುಧೋಳದಾವ. ಮುಧೋಳ ಅಂದ ಕೂಡ್ಲೇ ಮಂದಿಗೆ ನಾಯಿ ನೆನಪಾಗ್ತಾವ: ತೆಳ್ಳಗ, ಉದ್ದ ಕಾಲು, ಬೆನ್ನ ಬಿಲ್ಲಿನಗತೆ. ನಮ್ಮೂರಾಗ ಹುಟ್ಟಿದ ಪ್ರಾಣಿಗಳೊಳಗ ಆ ಜಾತಿಗೆ ಕೆಟ್ಟ ಹೆಸರ ತಂದಾವ ನಾ ಒಬ್ಬನ. ಬಿಎಸ್ಸಿ ಹೆಂಗೋ ದಾಟಿದೆ. ಮುಂದೇನು ಅಂತ ಕುಂತಾಗ, ಜಮಖಂಡಿ ಕಾಲೇಜಿನ್ಯಾಗ ಪೋಷಣಾ ಮತ್ತ ಆಹಾರಶಾಸ್ತ್ರದ ಎಮ್ಮೆಸ್ಸಿ ಐತಿ ಅಂತ ಕೇಳಿದೆ. ಆಹಾರ ಅನ್ನೂ ಶಬ್ದ ಕಿವಿಗೆ ಬಿತ್ತು, ಶಾಸ್ತ್ರ ಅನ್ನೂದ ಬೀಳಲಿಲ್ಲ. ನಮ್ಮವ್ವ ಅಂದ್ಲು, "ಉಣ್ಣೂದ ಕಲಿಯಾಕ ಎರಡ ವರ್ಷ ಬೇಕೇನೋ ನಿನಗ? ಅದೊಂದ ಹುಟ್ಟಿದಾಗಿಂದ ಬರ್ತೈತಲ್ಲ."

ಪ್ರವೇಶಕ್ಕ ಹೋದ ದಿನ ಮೇಡಂ ನನ್ನ ಮಾರ್ಕ್ಸ್ ಕಾರ್ಡ್ ತಗೊಂಡ ಕಿಡಕಿ ಬೆಳಕಿಗೆ ಹಿಡದ ನೋಡಿದ್ರು, ಖೊಟ್ಟಿ ನೋಟ ನೋಡಿಧಂಗ.

"ಗಂಡ ಹುಡುಗ. ಈ ಕೋರ್ಸಿಗೆ ಯಾಕ ಬಂದಿ?"

"ಆಸಕ್ತಿ ರೀ, ಮೇಡಂ."

"ಖರೆ ಏನ? ವರ್ಗದಾಗ ಎಲ್ಲಾ ಹುಡುಗ್ಯಾರ ಅದಾರ. ಅದರಾಗ ಆಸಕ್ತಿಯೋ, ಅನ್ನದಾಗ ಆಸಕ್ತಿಯೋ?"

ನಾ ಸುಮ್ನಿರಬೇಕಿತ್ತು. "ಎರಡೂ ರೀ" ಅಂದೆ.

ಅವರು ನಗಲಿಲ್ಲ. ನನ್ನ ಬಿಎಸ್ಸಿದಾಗ ಶರೀರಶಾಸ್ತ್ರ, ಜೀವರಸಾಯನ ಸಾಕಷ್ಟ ಇಲ್ಲ, ಗೃಹವಿಜ್ಞಾನದಿಂದ ಬಂದವರಿಗೆ ನೆಟ್ಟಗ ಪ್ರವೇಶ, ನಿನಗ ಮೊದಲ ಎರಡ ಹೆಚ್ಚಿನ ಪೇಪರ್, ಅವು ಪಾಸಾದ್ರ ಮುಂದಿನ ಮಾತು ಅಂದ್ರು. ಆ ಪೇಪರ್ ಹೆಂಗ ಪಾಸಾದ್ನೋ ನನಗೂ ಗೊತ್ತಿಲ್ಲ. ಮೇಡಂಗೂ ಗೊತ್ತಾಗಲಿಲ್ಲ, ಅದಕ್ಕ ನನ್ನ ಉತ್ತರಪತ್ರಿಕಿ ಎರಡ ಸಲ ತಿದ್ದಿದ್ರಂತ.

ಮೊದಲನೇ ದಿನ ಪಾಠ ಇಲ್ಲ. ನಿಯಮ ಓದಿದ್ರು. ಪ್ರತಿ ಪೇಪರಿನ್ಯಾಗ ಬಿ ದರ್ಜೆ ಕಡ್ಡಾಯ. ಒಟ್ಟ ಸರಾಸರಿ ಕೆಳಗ ಇಳದ್ರ ಒಂದ ಎಚ್ಚರಿಕಿ ಪತ್ರ, ಎರಡನೇ ಸಲಕ್ಕ ಗಂಟಮೂಟಿ ಕಟ್ಟೂದು. ಹಾಜರಿ ಕಮ್ಮಿ ಆದ್ರ ಪರೀಕ್ಷಾ ಇಲ್ಲ. ದವಾಖಾನಿದಾಗ ಇಂಟರ್ನ್‌ಶಿಪ್ ಮುಗಿಸದ ಡಿಗ್ರಿ ಇಲ್ಲ. ಕಡೀಕ ಪ್ರಬಂಧ. ಪ್ರಬಂಧದ ಮಾಹಿತಿ ಸ್ವಂತದ್ದು ಇರಬೇಕು. ಒಂದ ಅಂಕಿ ಸುಳ್ಳ ಬರದ್ರೂ ಹೆಸರ ಹೊಡದ ಹಾಕ್ತಾರ, ಮತ್ತ ಬೇರೆ ಕಡೆನೂ ಸೀಟ ಸಿಗೂದುಲ್ಲ. ಇಷ್ಟ ಓದಿ, ಹಾಳಿ ಕೆಳಗಿಟ್ಟು, ಸೀದಾ ನನ್ನ ಕಡೆ ನೋಡಿ ಅಂದ್ರು:

"ದಡ್ಡರಿಗೆ ಈ ಡಿಗ್ರಿದಾಗ ಜಾಗಾ ಐತಿ. ಮತ್ತೊಮ್ಮೆ ಬರೀಬಹುದು. ಸುಳ್ಳ ಬರ್ಯಾವರಿಗೆ ಮತ್ತೊಮ್ಮೆ ಇಲ್ಲ."

ದಡ್ಡರಿಗೆ ಜಾಗಾ ಐತಿ ಅಂದಾಗ ನನಗ ಅವರ ಬಗ್ಗೆ ಮೊದಲನೇ ಸಲ ಪ್ರೀತಿ ಹುಟ್ಟಿತು.

ಪ್ರೀತಿ ಭಾಳ ದಿನ ಉಳೀಲಿಲ್ಲ. ಮೇಡಂ ಎಲ್ಲಾದರ ಮ್ಯಾಲೂ ಸಂಶಯ ಪಡ್ತಿದ್ರು. ಪ್ರಯೋಗಶಾಲಾದ ತಕ್ಕಡಿ ಮ್ಯಾಲ ದಿನಾ ಮುಂಜಾನೆ ಅದ ಹಿತ್ತಾಳಿ ತೂಕದ ಬಟ್ಟ ಇಟ್ಟು, "ನಿನ್ನೆ ನೆಟ್ಟಗ ಇತ್ತು, ಇವತ್ತೂ ಇರತೈತಿ ಅಂತ ಯಾರ ಹೇಳಿದ್ರು?" ಅಂತಿದ್ರು. ಹುಡುಗ್ಯಾರ ಹಾಸ್ಟೆಲ್ಲಿಗೆ ಹೇಳದ ಹೋಗಿ ಬ್ಯಾಳಿ ಸಾರಿನ ಬಾಂಡೇದಾಗ ಸೌಟ ಹಾಕಿ ತಳಾ ತಿರವತಿದ್ರು. ಬ್ಯಾಳಿ ಎಲ್ಲೈತಿ ನೋಡೂನು ಅಂತ. ತಾವ ಕೂಡಿಸಿದ ಲೆಕ್ಕಾ ತಾವ ನಂಬತಿರಲಿಲ್ಲ, ಬೆರಳ ಮಡಚಿ ಮತ್ತೊಮ್ಮೆ ಕೂಡಸತಿದ್ರು. ಹಂಗಂತ ನಾವೇನ ಅವರನ್ನ ನಂಬಿದ್ದಿಲ್ಲ. ಮಧ್ಯಾಹ್ನ ಬಾಗಲಾ ಹಾಕ್ಕೊಂಡ ಉಣ್ತಾರ, ಒಳಗ ಮಿರ್ಚಿ ಭಜಿ ಇರತಾವ ಅಂತ ನಾ ಸುದ್ದಿ ಹಬ್ಬಿಸಿದ್ದೆ. ಬಾಗಲಾ ಸಂದಿಗೆ ಮೂಗ ಇಟ್ಟ ನೋಡಾಕ ಹೋಗಿ, ಅವರು ಬಾಗಲಾ ತಗದ್ರ ಸೀದಾ ಅವರ ಕಾಲಿಗೆ ಬಿದ್ದೆ. "ಏಳು, ಇಷ್ಟ ಭಕ್ತಿ ಬ್ಯಾಡ" ಅಂದ್ರು.

ಮೊದಲನೇ ಸೆಮಿಸ್ಟರಿನ್ಯಾಗ ಜೀವರಸಾಯನ ನನ್ನ ಕೆಳಗ ಕೆಡವಿತು. ಎಚ್ಚರಿಕಿ ಪತ್ರ ಬಂತು. ಇನ್ನೊಮ್ಮೆ ಜಾರಿದ್ರ ಮನಿ. ಅವತ್ತಿಂದ ನನಗ ಒಂದ ಖಾತ್ರಿ ಆತು: ಈ ಮೇಡಂ ನನ್ನ ಹೊರಗ ಹಾಕಾಕ ದಾರಿ ನೋಡಾಕತ್ತಾರ.

ದವಾಖಾನಿ ಇಂಟರ್ನ್‌ಶಿಪ್ಪಿನ್ಯಾಗ ಆ ದಾರಿ ನಾನ ಉಡಗಿ ಹಸನ ಮಾಡಿ ಕೊಟ್ಟೆ. ರನ್ನ ಬೆಳಗಲಿ ಕಡೆಯಿಂದ ಒಬ್ಬ ಮುದಕಪ್ಪ ಬಂದಿದ್ದ, ಸಕ್ಕರಿ ರೋಗ. ನಾ ಭಾಳ ಗತ್ತಿನ್ಯಾಗ ಪಥ್ಯೆದ ಹಾಳಿ ಬರದ ಕೊಟ್ಟೆ: ಹೊತ್ತಿಗೆ ಎರಡ ರೊಟ್ಟಿ, ಹೆಚ್ಚಿಗೆ ಇಲ್ಲ. ಮುದಕಪ್ಪ ಖುಷಿಲೇ ಹೋದ. ತಿರಗಿ ಬಂದಾಗ ತೂಕಾ ಏರಿತ್ತು, ಸಕ್ಕರಿನೂ ಏರಿತ್ತು. ಮುದಕಪ್ಪ ದೇವರ ಆಣಿ ಹಾಕಿ, ಎರಡರ ಮ್ಯಾಲ ಮುಟ್ಟಿಲ್ಲ ಅಂದ. ಸುಳ್ಳ ಹೇಳ್ತಾನ ಅಂತ ನಾ ಮೇಡಂ ಕಿವಿದಾಗ ಅಂದೆ. ಮೇಡಂ ಮುದಕಪ್ಪನ ನೋಡಲಿಲ್ಲ, ನನ್ನ ನೋಡಿದ್ರು.

"ಯಾರ ಕೈಯಾನ ರೊಟ್ಟಿ ಅಂತ ಕೇಳಿದ್ಯೇನ?"

ಮುದಕಪ್ಪನ ಹೆಂಡತಿ ಹೊರಗ ಕುಂತಿದ್ಲು. ಮೇಡಂ ಆಕೀನ ಕರದು, "ಯವ್ವಾ, ರೊಟ್ಟಿ ಎಷ್ಟಗಲ ಬಡೀತಿ?" ಅಂದ್ರು. ಆ ಯವ್ವ ಎರಡೂ ಕೈ ಅಗಲಿಸಿ ತೋರಿಸಿದ್ಲು. ಜಾನಪದ ಮೇಳದಾಗ ಬಾರಸೂ ಹಲಗಿ ಅಷ್ಟ ಇತ್ತು. ಪ್ರೀತಿಯಾಕಿ, ಗಂಡಗ ಎರಡ ಅಷ್ಟ ಅಂದಾರಂತ ದಪ್ಪಾನೂ ಮಾಡಿದ್ಲಂತ. ಅವತ್ತಿಂದ ನಮ್ಮ ವಿಭಾಗದಾಗ ರೊಟ್ಟಿ ಎಣಸೂದ ಬಂದಾತು, ತೂಗೂದ ಶುರು ಆತು. "ಯಾರ ಕೈಯಾನ ರೊಟ್ಟಿ" ಅನ್ನೂದು ಪ್ರಶ್ನೆಪತ್ರಿಕಿದಾಗ ಬರಲಿಲ್ಲ ಅನ್ನೂದೊಂದ ಬಾಕಿ.

ಹಿಂಗಾಗಿ ನನ್ನ ಪ್ರಬಂಧಕ್ಕ ಮೇಡಂ ನನ್ನ ಕೈಗೆ ತಕ್ಕಡಿ ಕೊಟ್ಟ ಕಳಿಸಿದ್ರು. ವಿಷಯ: ನೇಕಾರ ಮನಿ ಹೆಣ್ಣಮಕ್ಕಳಿಗೆ ದಿನದ ಊಟದಾಗ ಏನೇನ ಸಿಗತೈತಿ. ಮಗ್ಗದ ಖಟಪಟದಾಗ ಕುಂತು ದಿನಾ ಪೂರಾ ನೂಲ ಸುತ್ತೂ ಹೆಣ್ಣಮಕ್ಕಳು. ಕೆಲಸ ಸರಳ: ಮುಂಜಾನೆ ಮನಿದಾಗ ಮಾಡಿದ ಅಡಗಿ ಪೂರಾ ತೂಗೂದು, ಸಂಜಿಗೆ ಉಳದದ್ದು ತೂಗೂದು, ಕಳಿಯೂದು. ಬಂದದ್ದು ಮನಿಯವರ ಉಂಡದ್ದು. ಅದನ್ನ ವಯಸ್ಸಿನ ಪ್ರಕಾರ ಒಬ್ಬೊಬ್ಬರಿಗೆ ಹಂಚೂದು.

ಮೊದಲ ಮೊದಲ ಓಣಿ ಮಂದಿ ನನ್ನ ನೋಡಿದ್ರ ಬಾಗಲಾ ಮುಂದ ಮಾಡತಿದ್ರು. ತಕ್ಕಡಿ ಹಿಡಕೊಂಡ ಮನಿ ಮನಿ ತಿರಗೂ ದಪ್ಪ ಹುಡುಗ, ಯಾರ ನಂಬತಾರ? ಒಬ್ಬ ಆಯಿ ಹೊಸ್ತಲದಾಗ ನಿಂತ, "ರೇಷನ್ ಕಾರ್ಡ್ ಕಟ್ ಮಾಡಾಕ ಬಂದೀಯೇನೋ? ನಮ್ಮ ಮನ್ಯಾಗ ಏನೂ ಇಲ್ಲ, ತೂಗೂದಾದ್ರ ನನ್ನ ತೂಗು" ಅಂದ್ಲು. ನಾ ಕಾಲೇಜ್ ಹುಡುಗ, ಪರೀಕ್ಷಾ ಸಲುವಾಗಿ ಬಂದೇನಿ, ಪಾಸಾಗಲಿಲ್ಲಂದ್ರ ನಮ್ಮಪ್ಪ ಮನಿ ಬಿಡಸ್ತಾನ ಅಂತ ಅಳೂ ಮಾರಿ ಮಾಡಿದೆ. ಆಯಿ ಕರಗಿದ್ಲು.

ಕರಗಿದ ಮ್ಯಾಲ ನಮ್ಮ ಕಡೆ ಏನಾಗತೈತಿ ನಿಮಗ ಗೊತ್ತ. ಮನಿಗೆ ಬಂದಾವ ಹಸದ ಹೋಗಬಾರದು. ಅದ್ರಾಗೂ ಅಡಗಿ ತೂಗಾಕ ಬಂದಾವ ಉಣ್ಣದ ಹೋದ್ರ, ಮಂದಿ ಏನ ಅಂತಾರ, ಆ ಮನ್ಯಾಗ ತೂಗಿ ತೋರಿಸ್ತಾರ, ಹಾಕೂದುಲ್ಲ ಅಂತಾರ. "ಉಣ್ಣೋ ತಮ್ಮಾ." "ಬ್ಯಾಡ ಆಯಿ." "ನಮ್ಮ ಮನಿ ಉಪ್ಪ ಬ್ಯಾಡೇನ?" ಇಷ್ಟಾದ ಮ್ಯಾಲ ಉಣ್ಣಲಿಲ್ಲಂದ್ರ ಮನಷ್ಯಾ ಅಲ್ಲ. ನಾ ಮನಷ್ಯಾ ಅನ್ನೂದನ್ನ ಪ್ರತಿ ಮನ್ಯಾಗ ಸಿದ್ಧ ಮಾಡಿ ತೋರಿಸಿದೆ. ಆ ಆಯಿ ಮನ್ಯಾಗಂತೂ ಭಾಳ ಪ್ರೇಮಲೆ ಸಿದ್ಧ ಮಾಡಿದೆ.

ಸಂಜಿಗೆ ಉಳದದ್ದ ತೂಗಿದೆ, ಮುಂಜಾನಿದ್ದರಾಗ ಕಳದೆ, ಮನಿ ಮಂದಿಗೆ ಹಂಚಿದೆ. ನಡಕ ನಾ ಒಬ್ಬಾವ ಉಂಡೇನಿ ಅನ್ನೂದು ನನ್ನ ತಲಿಗೆ ಬರಲಿಲ್ಲ. ಬೇಕಂತ ಮಾಡಿಲ್ಲ. ಊಟ ಅನ್ನೂದು ನಾ ಉಸರಾಡಿಧಂಗ ಮಾಡ್ತೇನಿ. ಉಸರನ್ನ ಯಾರ ಲೆಕ್ಕದಾಗ ಹಿಡೀತಾರ?

ಪ್ರಬಂಧದ ಕೋಷ್ಟಕ ಕೊಟ್ಟ ದಿನ ಮೇಡಂ ಹಾಳಿ ತಿರವಿ ತಿರವಿ ನೋಡಿದ್ರು. ಮುಂದ ಹೋದ್ರು, ಹಿಂದ ಬಂದ್ರು, ಬೆರಳ ಮಡಚಿದ್ರು.

"ಈ ಓಣ್ಯಾಗ ಎಲ್ಲಾರೂ ಕುಸ್ತಿ ಆಡ್ತಾರೇನ?"

"ಇಲ್ರಿ, ನೇಕಾರ್ರು."

"ಕೂಸಿಗೆ ಹಾಲ ಕುಡಸೂ ಸೊಸಿ, ಅತ್ತಿ, ಮಗ್ಗ ನಡಸೂ ಗಂಡ, ಎಲ್ಲಾರೂ ಭರಪೂರ ಉಂಡಾರ. ಕಬ್ಬಿಣಾಂಶ ಸಾಕಷ್ಟ, ಪ್ರೋಟೀನ್ ಸಾಕಷ್ಟ. ಯಾರಿಗೂ ಏನೂ ಕಮ್ಮಿ ಇಲ್ಲ. ಖರೆ ಏನ?"

"ಖರೆ ರೀ."

ಹೆಬ್ಬಟ್ಟ ಬಂತು, ನನ್ನ ರೆಪ್ಪಿ ಜಗ್ಗಿತು. ಒಳಗ ಕೆಂಪಗ, ಟೊಮೆಟೋ ಹಣ್ಣಿನಗತೆ ಇರಬೇಕು. ಯಾಕಂದ್ರ ಮೇಡಂ ನನ್ನ ಕಣ್ಣು ನೋಡಿ, ಕೋಷ್ಟಕ ನೋಡಿ, ಮತ್ತ ನನ್ನ ಹೊಟ್ಟಿ ನೋಡಿದ್ರು.

"ಮನ್ಯಾಗ ಕುಂತ ಬರದೀದಿ ಅಂತ ನನಗ ಸಂಶಯ ಐತಿ. ಸೋಮವಾರ ಕಮಿಟಿ ಐತಿ. ಇದು ಸುಳ್ಳಿದ್ರ ನಿನ್ನ ಹೆಸರ ಹೊಡದ ಹಾಕಸ್ತೇನಿ. ಮೊದಲ ನಾ ನೋಡಿ ಬರ್ತೇನಿ. ನೀನೂ ಬಾ. ಯಾರಿಗೂ ಫೋನ್ ಮಾಡಬ್ಯಾಡ."

ಹೊರಗ ಬಂದಾಗ ನನ್ನ ಮಾರಿ ನೋಡಿ ವರ್ಗದ ಬೀಳಗಿ ಹುಡುಗಿ, ಎಲ್ಲಾದರಾಗೂ ಮೊದಲನೇ ನಂಬರ್ ಬರಾಕಿ, "ಏನಾತಲೇ?" ಅಂದ್ಲು. ಹೇಳಿದೆ. "ಖರೇನ ಹೋಗಿ ತೂಗೀಯೋ, ಇಲ್ಲೋ?" ಅಂದ್ಲು. "ತೂಗೇನಿ, ಅವ್ವನ ಆಣಿ." "ಹಂಗಾದ್ರ ಯಾಕ ಬೆವರಾಕತ್ತಿ?" ಅದ ನನಗೂ ತಿಳೀಲಿಲ್ಲ. ಖರೆ ಮಾಡಿದವರಿಗೂ ಬೆವರ ಬರೂಹಂಗ ನೋಡೂ ಶಕ್ತಿ ಮೇಡಂ ಕಣ್ಣಾಗಿತ್ತು. ಒಳಗೊಳಗ ಅಂದ್ಕೊಂಡೆ, ಈ ಹೆಂಗಸ ನಾ ಹೋದ ಮ್ಯಾಲ ನನ್ನ ಮಾಹಿತಿ ತನ್ನ ಹೆಸರಿಲೇ ಛಾಪಸ್ತಾಳ, ಅದಕ್ಕ ಇಷ್ಟೆಲ್ಲಾ ನಾಟಕ.

ಶನಿವಾರ ಮುಂಜಾನೆ ಬಸ್ಸಿಗೆ ಹೊಂಟಿವಿ. ಬಸ್ಸಿನ್ಯಾಗ ಕಬ್ಬಿನ ಗಾಡಿ ಹಿಂದ ಸಿಕ್ಕ ಕುಂತಾಗೂ ಮೇಡಂ ಯಾವ ಮನಿಗೆ ಹೋಗೂದು ಅಂತ ಬಾಯಿ ಬಿಡಲಿಲ್ಲ. ಬನಹಟ್ಟಿದಾಗ ಇಳದ ಆಟೋ ಹತ್ತಿದ ಮ್ಯಾಲ ಕೋಷ್ಟಕ ತಗದು, ಎಲ್ಲಾರಕಿಂತ ಛಲೋ ಉಂಡ ಮನಿ ಯಾವದು ಅಂತ ನೋಡಿ, ಅದಕ್ಕ ಬೆರಳ ಇಟ್ರು. ಆ ಆಯಿ ಮನಿ.

ಆಯಿ ಬಾಗಲದಾಗ ಕುಂತಿದ್ಲು. ನನ್ನ ನೋಡಿದ ಕೂಡ್ಲೇ ಮಾರಿ ಅರಳಿತು.

"ಬಾರೋ ತಮ್ಮಾ! ತಕ್ಕಡಿ ಎಲ್ಲಿ ಬಿಟ್ಟಿ? ಇರ್ಲಿ, ಮೊದಲ ಉಣ್ಣ ಬಾ."

"ಬ್ಯಾಡ ಆಯಿ, ಹೊಟ್ಟಿ ತುಂಬೈತಿ."

"ಆಹಾಹಾ, ನಾಚಿಕಿ ನೋಡ. ಆವತ್ತ ಏಳ ರೊಟ್ಟಿ ಉಂಡ ಎದ್ದಿ, ಬುಟ್ಟಿ ಖಾಲಿ ಮಾಡಿದಿ, ಇವತ್ತ ಯಾಕ ನಾಚತಿ?"

ಒಳಗ ಮಗ್ಗ ಖಟಪಟ ಖಟಪಟ ಹೊಡ್ಯಾಕತ್ತಿತ್ತು. ಮೇಡಂ ನನ್ನ ಕಡೆ ತಿರಗಿದ್ರು. ಭಾಳ ಸಾವಕಾಶ.

"ಏಳು?"

"ಸಣ್ಣವು ಇದ್ದೂ ರೀ, ಮೇಡಂ."

"ಯಾರ ಕೈಯಾನ ರೊಟ್ಟಿ?"

"ನನ್ನ ಕೈಯಾನ ರೀ ಬಾಯಾರ," ಅಂತ ಆಯಿ ಎದಿ ಉಬ್ಬಿಸಿ ಮೊಣಕೈ ಮಟ ಅಳತಿ ತೋರಿಸಿದ್ಲು. "ಮ್ಯಾಲ ಝುಣಕಾ ಎರಡ ಸಲ ಹಾಕಿಸಿಕೊಂಡ. ಮಜ್ಜಿಗಿ ಕುಡದ. ಹಿಂತಾ ಹುಡುಗ ಉಂಡ್ರ ನೀಡಿದವರ ಕೈಗೆ ಪುಣ್ಯಾ ರೀ."

ಭೂಮಿ ಬಾಯಿ ಬಿಟ್ಟ ನನ್ನ ನುಂಗಬೇಕಿತ್ತು. ಆದ್ರ ಭೂಮಿಗೂ ಹೊಟ್ಟಿ ಕೆಟ್ಟೀತು ಅಂತ ಅನಿಸಿರಬೇಕು. ಮೇಡಂ ತುಟಿ ಒಂಚೂರ ಅಲಗ್ಯಾಡಿತು. ನಕ್ರೋ ಏನೋ ಅಂತ ನಾ ನೋಡೂದರಾಗ ಅವರ ಮಾರಿ ಮತ್ತ ಗಟ್ಟಿ ಆತು. ಯಾವುದೋ ಲೆಕ್ಕ ತಲ್ಯಾಗ ಹೊಂದಿಕೊಂಡ ಹಂಗ ನಿಂತ್ರು.

"ಆಯಿ, ಇಂವಾ ಏಳ ಉಂಡ ಮ್ಯಾಲ, ಆವತ್ತ ನಿಮ್ಮ ಸೊಸಿ ಏನ ಉಂಡ್ಲು?"

"ಆಕಿ ಕಡೀಕ ಉಣ್ತಾಳ್ರಿ. ಮನಿ ಪದ್ಧತಿ. ನಾನೂ ಸೊಸಿ ಇದ್ದಾಗ ಹಂಗ."

ಮೇಡಂ ಚಪ್ಪಲಿ ಬಿಟ್ಟು ಸೀದಾ ಅಡಗಿಮನಿಗೆ ಹೋದ್ರು. ಅಲ್ಲೆ ಸೊಸಿ ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡ ನೂಲ ಸುತ್ತಾಕತ್ತಿದ್ಲು. ನನ್ನಕಿಂತ ಎರಡ ವರ್ಷ ಸಣ್ಣಾಕಿ ಇರಬೇಕು. ಹೆಬ್ಬಟ್ಟ ಹೋತು, ರೆಪ್ಪಿ ಜಗ್ಗಿತು. ನಾ ಬಾಗಲದಾಗಿಂದ ನೋಡಿದೆ. ಒಳಗ ಸುಣ್ಣದ ಗ್ವಾಡಿಗತೆ ಬೆಳ್ಳಗಿತ್ತು. ನನ್ನ ಕೋಷ್ಟಕದಾಗ ಆಕಿ ಹೆಸರಿನ ಮುಂದ ಕಬ್ಬಿಣಾಂಶ ಸಾಕಷ್ಟ ಅಂತ ನಾನ ನೀಲಿ ಶಾಯಿಲೇ ಬರದಿದ್ದೆ.

"ಆವತ್ತ ಏನ ಉಂಡೆವ್ವಾ? ಖರೆ ಹೇಳು."

ಆಕಿ ನನ್ನ ನೋಡಿ ನಕ್ಲು. ಸಿಟ್ಟಿಲ್ಲ, ಏನಿಲ್ಲ. "ಮಜ್ಜಿಗಿ ಕುಡದೆ ರೀ. ಅಣ್ಣಾರು ಛಲೋ ಉಂಡ್ರು. ನಮಗೆಲ್ಲಾ ಸಂತೋಷ ಆತು."

ಸಂತೋಷ ಆತು ಅಂದ್ಲು.

ಮೇಡಂ ಆಯಿಗೆ ಬೈತಾರ ಅಂತ ತಿಳಕೊಂಡೆ. ಬೈಲಿಲ್ಲ. ಆಕಿ ಪಕ್ಕದಾಗ ನೆಲದ ಮ್ಯಾಲ ಕುಂತ್ರು. "ಆಯಿ, ಹಾಲ ಕುಡಿಯೂ ಕೂಸು ಅವ್ವನ ಮೈಯಾನ ರಕ್ತ ಕುಡೀತೈತಿ. ಈಕಿಗೆ ರಕ್ತ ಇಲ್ಲಂದ್ರ ನಿಮ್ಮ ಮೊಮ್ಮಗಗ ಎಲ್ಲಿಂದ ಬರಬೇಕ?" ಅಂದ್ರು. ಆಯಿ ಮಗನ ಕರದು, ಮಗ್ಗ ಬಂದ ಮಾಡಿಸಿ, ಇವತ್ತ ದವಾಖಾನಿಗೆ ಕರಕೊಂಡ ಹೋಗಿ ರಕ್ತ ತಪಾಸ ಮಾಡಸು ಅಂದ್ರು. ಆಯಿಗೆ ಕಣ್ಣಾಗ ನೀರ ಬಂತು. "ಇನ್ನ ಮ್ಯಾಲ ಆಕಿಗೆ ಮೊದಲ ಹಾಕ್ತೇನಿ ರೀ ಬಾಯಾರ, ಶಿವನಾಣಿ."

"ನಾ ನಂಬೂದುಲ್ಲ," ಅಂದ್ರು ಮೇಡಂ. "ಶಿವನ್ನ ನಂಬತೇನಿ, ಆಣಿ ನಂಬೂದುಲ್ಲ. ಹೇಳದ ಕೇಳದ ಬರ್ತೇನಿ. ಬಂದ ದಿನ ಈಕಿ ಉಂಡಿರಬೇಕು, ನೀವ ಉಂಡಿರಬಾರದು."

ತಿರಗಿ ಬರೂವಾಗ ಬಸ್ಸಿನ್ಯಾಗ ನಾ ತಡಕೊಳ್ಳಲಾರದ ಕೇಳಿದೆ, "ಮೇಡಂ, ಸೋಮವಾರ ನನ್ನ ತಗೀತಾರೇನ್ರಿ?"

"ಸುಮ್ನ ಕೂಡ್ರು. ನೀ ಎಷ್ಟ ಮನ್ಯಾಗ ಎಷ್ಟ ಮಂದಿ ಪಾಲ ಉಂಡೀ ಅಂತ ಲೆಕ್ಕಾ ಹಾಕಾಕತ್ತೇನಿ."

ಸೋಮವಾರ ಕಮಿಟಿ ಮುಂದ ನಿಂತೆ. ನಡಕ ಕುಂತಿದ್ದ ಹಿರೇ ಸರ್ ಕೋಷ್ಟಕ ನೋಡಿ, "ಸ್ಪಷ್ಟ ಐತಿ. ಅಂಕಿ ಸುಳ್ಳ ಅದಾವ. ನಿಯಮದ ಪ್ರಕಾರ ಹೆಸರ ತಗೀಬೇಕು" ಅಂದ್ರು. ನಾ ಮೇಡಂ ಕಡೆ ನೋಡಿದೆ. ಇನ್ನೇನ ಹೂಂ ಅಂತಾರ, ಆತು ನಂದು. ಅವ್ವಗ ಏನ ಹೇಳ್ಲಿ ಅಂತ ತಲ್ಯಾಗ ಒಂದ ಸುಳ್ಳ ಕಟ್ಟಾಕ ಶುರು ಮಾಡಿದ್ದೆ.

ಮೇಡಂ ಎದ್ದ ನಿಂತ್ರು.

"ಇಂವಾ ಕಳ್ಳ ಅಲ್ರಿ. ಹೊಟ್ಟಿಬಾಕ. ಅಂಕಿ ಸುಳ್ಳ ಬರದಿಲ್ಲ, ತಾ ಉಂಡದ್ದ ಬರ್ಯಾಕ ಮರತಾನ. ನಾ ಹೋಗಿ ನೋಡಿ ಬಂದೇನಿ, ಸಾಕ್ಷಿ ಅದಾರ. ಹೊಟ್ಟಿಬಾಕಗ ನಿಯಮದಾಗ ಏನ ಶಿಕ್ಷಾ ಐತಿ, ತೋರಸ್ರಿ."

ಹಿರೇ ಸರ್ ಖರೇನ ನಿಯಮದ ಪುಸ್ತಕ ತಿರವಿ ನೋಡಿದ್ರು. ಇರಲಿಲ್ಲ. ನನ್ನ ಸೀಟ ಉಳೀತು. ನನ್ನ ಜೀವನದಾಗ ನನ್ನ ಪರವಾಗಿ ಯಾರರ ಆಡಿದ ಎಲ್ಲಾಕಿಂತ ದೊಡ್ಡ ಮಾತು ಅಂದ್ರ ಹೊಟ್ಟಿಬಾಕ.

ನಾ ಕಾಲ ಮುಟ್ಟಾಕ ಬಗ್ಗಿದ್ರ ಮೇಡಂ ಹಿಂದ ಸರದ್ರು. "ಏಳು. ಇನ್ನ ಮುಗದಿಲ್ಲ. ಎಲ್ಲಾ ಮಾಹಿತಿ ರದ್ದ. ಎಲ್ಲಾ ಮನಿ ಮತ್ತ. ಈ ಸೆಮಿಸ್ಟರ್ ಹೋತು ಅಂತ ತಿಳಕೊ. ಮತ್ತ ಯಾವ ಮನಿಗೆ ನಾ ಹಿಂದಿಂದ ಬರ್ತೇನಿ ಅಂತ ನಿನಗ ಗೊತ್ತಾಗೂದುಲ್ಲ." ನಮ್ಮ ವಿಭಾಗದ ಸೂಚನಾ ಹಾಳ್ಯಾಗ ಒಂದ ಹೊಸಾ ಸಾಲ ಸೇರಿಸಿದ್ರು: ಮಾಹಿತಿ ಸಂಗ್ರಹಿಸಾಕ ಹೋಗಾವರು ತಮ್ಮ ಮನ್ಯಾಗ ಉಂಡ ಹೋಗಬೇಕು. ವಿಜ್ಞಾನಕ್ಕ ನಾ ಕೊಟ್ಟ ಏಕಮಾತ್ರ ಕೊಡುಗಿ ಅದು.

ಮತ್ತ ತಿರಗಿದೆ. ಬುತ್ತಿ ಕಟ್ಟಿಕೊಂಡ ಹೋಗಿ, ಓಣಿ ತುದಿ ಕಟ್ಟಿ ಮ್ಯಾಲ ಒಬ್ಬನ ಕುಂತ ಉಂಡ ಆಮ್ಯಾಲ ಒಳಗ ಹೋಗತಿದ್ದೆ. ಮಂದಿ ಸಿಟ್ಟಾದ್ರು. "ಯಾಕೋ, ದೊಡ್ಡ ಮನಷ್ಯಾ ಆದೇನ?" ಅಂತ ಹಂಗಿಸಿದ್ರು. ಸಂದಿ ಸಂದಿಗೆ ನಾ ಹಿಂದ ತಿರಗಿ ನೋಡತಿದ್ದೆ, ಮೇಡಂ ಬಂದಾರೇನೋ ಅಂತ. ಎರಡ ಸಲ ಖರೇನ ಬಂದಿದ್ರು. ಒಮ್ಮೆ ಬರಲಾರದ, ಫೋನಿನ್ಯಾಗ "ನಾ ಮೂಲ್ಯಾಗ ನಿಂತೇನಿ" ಅಂದ್ರು. ನಾ ಓಣಿ ಪೂರಾ ಹುಡಕಿದೆ. ಅವರು ಜಮಖಂಡಿದಾಗ ದವಾಖಾನಿ ಮಂಚದ ಮ್ಯಾಲಿದ್ರು ಅನ್ನೂದು ಆಮ್ಯಾಲ ಗೊತ್ತಾತು.

ಹೊಟ್ಟಿದಾಗ ಗಡ್ಡಿ. ಡಾಕ್ಟರ್ ರಿಪೋರ್ಟ್ ತೋರಿಸಿದ್ರ "ಖರೆ ಏನ? ಇನ್ನೊಂದ ಕಡೆ ಮಾಡಸ್ರಿ" ಅಂದ್ರಂತ. ಇನ್ನೊಂದ ಕಡೆನೂ ಅದ ಬಂತು. ಮನ್ಯಾಗ ಮಲಗಿ ನನ್ನ ಪ್ರಬಂಧದ ಅಧ್ಯಾಯ ತಿದ್ದತಿದ್ರು. ಅಕ್ಷರ ವಾರೆ ಆಗಿದ್ದೂ, ಪ್ರಶ್ನೆ ನೆಟ್ಟಗ ಇದ್ದೂ.

ಕಡೀ ಸಲ ಹೋದಾಗ ಅವರ ತಂಗಿ ಗಂಜಿ ಬಟ್ಟಲಾ ಹಿಡಕೊಂಡ ಹೊರಗ ಬರಾಕತ್ತಿದ್ಲು. ಮೇಡಂ ಕೈ ಮಾಡಿ ಕರದ್ರು. "ಪೆನ್ ತಗಿ. ನಿನ್ನೆಯಿಂದ ಇವತ್ತಿನ ತನಕ ನಾ ಏನ ಉಂಡೇನಿ, ಬರಕೊ. ಪರೀಕ್ಷಾ ಅಂತ ತಿಳಕೊ." ಕೇಳಿದೆ. ಮುಂಜಾನೆ ಎರಡ ಚಮಚಾ ಗಂಜಿ. ಮಧ್ಯಾಹ್ನ ಇಲ್ಲ. ರಾತ್ರಿ ಒಂದ ಚಮಚಾ, ಅದೂ ನಿಲ್ಲಲಿಲ್ಲ. ನನ್ನ ಕೈಗೆ ಏನಾತೋ. ಎರಡ ಚಮಚಾ ಅಂತ ಅವರ ಹೇಳಿದ್ರ, ಹಾಳಿ ಮ್ಯಾಲ ಒಂದ ಬಟ್ಟಲಾ ಅಂತ ಬರದೆ.

"ತೋರಸು."

ತೋರಿಸಿದೆ. ಚಾಳೀಸ ಇರಲಿಲ್ಲ, ಹಾಳಿ ಮೂಗಿನ ಹತ್ರ ಹಿಡದ ಓದಿದ್ರು.

"ಖರೆ ಏನ?"

ನಾ ಬಟ್ಟಲಾ ಅನ್ನೂದ ಹೊಡದ ಹಾಕಿ ಎರಡ ಚಮಚಾ ಅಂತ ಬರದೆ. ಆಮ್ಯಾಲ ನಾನ ಬಗ್ಗಿ ನಿಂತೆ. ಹೆಬ್ಬಟ್ಟ ಎತ್ತಿದ್ರು, ನನ್ನ ರೆಪ್ಪಿ ತನಕ ಬಂತು, ಜಗ್ಗಾಕ ಆಗಲಿಲ್ಲ. ಸುಮ್ನ ಅಲ್ಲೆ ಇಟ್ಟಕೊಂಡಿದ್ರು.

ನಾ ಪಾಸಾದೆ, ಅಂಚಿಗೆ ಜೋತಬಿದ್ದು. ಫಲಿತಾಂಶ ಬರೂದರಾಗ ಮೇಡಂ ಶಿವನ ಪಾದ ಸೇರಿದ್ರು. ಈಗ ನಾ ಒಂದ ದವಾಖಾನಿದಾಗ ಪಥ್ಯೆ ಹೇಳ್ತೇನಿ. ರೋಗಿ ಹೆಂಡತಿ ಬಂದಿದ್ರ ಮೊದಲ ಆಕಿ ರೆಪ್ಪಿ ನೋಡ್ತೇನಿ. ಮಂದಿ ನನ್ನ ಮ್ಯಾಲ ಸಂಶಯ ಪಡ್ತಾರ, ಪಡ್ಲಿ.

ಸುದ್ದಿ ಹೇಳಬೇಕಂತ ಬನಹಟ್ಟಿಗೆ ಆ ಆಯಿ ಮನಿಗೆ ಹೋದೆ. ಹೊತ್ತ ನೆತ್ತಿ ಮ್ಯಾಲ ಇತ್ತು. ಪಡಸಾಲ್ಯಾಗ ಸೊಸಿ ಉಣ್ಣಾಕ ಕುಂತಿದ್ಲು, ಆಯಿ ನೀಡಾಕತ್ತಿದ್ಲು, ಕೂಸು ನಡಕ ಅಂಬಗಾಲ ಇಡತಿತ್ತು. "ಆಯಿ, ನಮ್ಮ ಮೇಡಂ ತೀರಿಕೊಂಡ್ರು," ಅಂದೆ. ಸೊಸಿ ತುತ್ತ ತಾಟಿಗೆ ಹಾಕಿ ಎದ್ದ ನಿಲ್ಲಾಕ ಹೋದ್ಲು. ಆಯಿ ಆಕಿ ಹೆಗಲ ಹಿಡದ ಕುಂದ್ರಿಸಿ, ನನ್ನ ಮ್ಯಾಲಿಂದ ಕೆಳಗ ನೋಡಿ ಅಂದ್ಲು:

"ನೀ ಹೇಳಿದ್ರ ನಾ ಯಾಕ ನಂಬಲಿ? ಮೊದಲೊಮ್ಮೆ ನೀ ಬರಕೊಂಡ ಹೋದದ್ದೂ ಸುಳ್ಳಾತು. ಆಕಿ ಬರ್ತೇನಿ ಅಂದಾಳ, ಬಂದ ಬರ್ತಾಳ. ಏ ಹುಡುಗಿ, ಅಳಬ್ಯಾಡ, ಉಣ್ಣ ನೀ. ಇನ್ನೊಂದ ರೊಟ್ಟಿ ಹಾಕ್ಕೊ."